ಮಸಣದ ಠೇವಣಿ

ಕಲ್ಲುಕೊಪ್ಪಲು, ಚನ್ನಪಟ್ಟಣ ತಾಲ್ಲೂಕು
12 ಫೆಬ್ರವರಿ 2024

ಮಾವ,

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ಎರಡು ಮಾತು ಆಡುವಷ್ಟರಲ್ಲಿ ‘ಇವಳೇನೋ ಅಂತಾವ್ಳೆ ನೋಡು’ ಎಂದು ಚೈತ್ರಾಳ ಕೈಗೆ ಕೊಟ್ಟುಬಿಡುತ್ತೀರಿ. ಅವಳು ನಿಮ್ಮ ಮಗಳು, ನಾನು ನಿಮ್ಮ ಅಕ್ಕನ ಮಗಳಾದರೂ ಅವಳ ಜೊತೆಗೇ ನಿಮ್ಮ ಮನೆಯಲ್ಲಿ ಬೆಳೆದವಳು. ನಮ್ಮಿಬ್ಬರ ನಡುವೆ ಮುಚ್ಚುಮರೆಯಿಲ್ಲ. ಆದರೂ ಈ ವಿಷಯವನ್ನು ಅವಳು ನಿಮ್ಮ ಕಿವಿಗೆ ಕೂಗಿ ಹೇಳುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಕಳೆದ ವಾರ ಸೊಪ್ಪು ಮಾರುವ ದೊಡ್ಡಲಕ್ಷ್ಮಮ್ಮನ ಗಂಡ ತೀರಿಕೊಂಡರು. ಅವರಿಗೆ ಅಂಗೈಯಗಲ ಜಮೀನಿಲ್ಲ. ಹೊಲ ಇರುವವರು ಬದುವಿನ ಪಕ್ಕದಲ್ಲಿ ಗುಂಡಿ ತೋಡಿಸಿಕೊಳ್ಳುತ್ತಾರೆ, ಇಲ್ಲದವರು ಎಲ್ಲಿಗೆ ಹೋಗಬೇಕು? ಅವರ ಮಗ ಬೆಳಗಿನಿಂದ ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದ. ಯಾರೂ ಇಲ್ಲ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಟ್ಟ ಎತ್ತಿಕೊಂಡು ಬಂದು ಪಂಚಾಯಿತಿ ಆಫೀಸಿನ ಜಗಲಿಯ ಮೇಲೆ ಇಳಿಸಿದರು.

ಒಳಗೆ ನಾನು, ಮಾಗಡಿಯಿಂದ ಹೊಸದಾಗಿ ವರ್ಗವಾಗಿ ಬಂದಿರುವ ಪಿಡಿಒ ನೂರೀನ್ ಮೇಡಂ, ಮತ್ತೆ ಉಪಾಧ್ಯಕ್ಷರು ಮುಂದಿನ ವರ್ಷದ ಖರ್ಚಿನ ಬಗ್ಗೆ ಮಾತಾಡುತ್ತಾ ಕೂತಿದ್ದೆವು. ಹೊರಗೆ ಬಂದು ನೋಡಿದರೆ ಹೆಣ. ಪಕ್ಕದಲ್ಲಿ ದೊಡ್ಡಲಕ್ಷ್ಮಮ್ಮ ಕಾಲು ಚಾಚಿಕೊಂಡು ಕೂತಿದ್ದಾಳೆ. ಅಳುತ್ತಿರಲಿಲ್ಲ.

‘ಅಧ್ಯಕ್ಷಮ್ಮ, ಮಸಣದ ದುಡ್ಡು ಬ್ಯಾಂಕ್‌ನಲ್ಲಿ ಭದ್ರವಾಗೈತೆ ಅಂತೀರಲ್ಲ. ಇವರ್ನೂ ಅಲ್ಲೇ ಮಡಗವ್ವ’ ಅಂದಳು.

‘ಹಂಗನ್ನಬೇಡಿ ಅಜ್ಜಿ’ ಅಂದೆ.

‘ಇನ್ನೆಂಗನ್ನಲಿ? ಜಾಗ ಕೊಟ್ವಿ, ದುಡ್ಡು ಬಂತು. ದುಡ್ಡಿನೊಳಗೆ ಮಲಗಿಸೋಕಾಯ್ತದಾ?’

ನೂರೀನ್ ಮೇಡಂಗೆ ಏನೂ ಅರ್ಥವಾಗಲಿಲ್ಲ. ನಾನೇ ಹೇಳಬೇಕಾಯಿತು. ಹೊಸ ರಸ್ತೆಗೆ ಊರಿನ ಮಸಣ ಹೋಯಿತು, ಜಾಗ ಪಂಚಾಯಿತಿ ಹೆಸರಿನಲ್ಲಿದ್ದುದರಿಂದ ಪರಿಹಾರ ಪಂಚಾಯಿತಿಗೇ ಬಂತು, ಆಗ ಅಧ್ಯಕ್ಷರಾಗಿದ್ದ ನೀವು ಅದನ್ನು ಠೇವಣಿ ಇಟ್ಟಿರಿ, ಅಂದಿನಿಂದ ಅದು ಬಡ್ಡಿ ಸೇರಿಸಿಕೊಂಡು ಹಾಗೇ ಬೆಳೆಯುತ್ತಿದೆ. ‘ಯಾಕೆ ಮುಟ್ಟಿಲ್ಲ?’ ಎಂದು ಕೇಳಿದರು. ಉಪಾಧ್ಯಕ್ಷರು ನನ್ನ ಮುಖ ನೋಡಿದರು.

ಕೊನೆಗೆ ಹೊತ್ತು ಮುಳುಗುವ ಮುಂಚೆ ಕೆರೆಯ ಅಂಗಳದಲ್ಲಿ, ನೀರು ಇಳಿದಿರುವ ಕಡೆ, ಮಣ್ಣು ಮಾಡಿದರು. ಅದು ಮಣ್ಣು ಮಾಡುವ ಜಾಗವಲ್ಲ. ನಾನೂ ಅಲ್ಲಿದ್ದೆ. ಒಂದು ಹಿಡಿ ಮಣ್ಣು ಹಾಕಿದೆ.

ಮಾವ, ಆ ಠೇವಣಿಯನ್ನು ಒಡೆದು ಬೇರೆ ಕಡೆ ಜಾಗ ಕೊಳ್ಳಬಹುದೇ? ನಾನು ಅಧ್ಯಕ್ಷೆ, ಸಭೆಯಲ್ಲಿ ನಿರ್ಣಯ ಮಾಡಿದರೆ ಸಾಕು ಎಂದು ಗೊತ್ತು. ಆದರೂ ನಿಮ್ಮನ್ನು ಕೇಳದೆ ಮಾಡಲಾರೆ.

ಭಾನುಪ್ರಿಯ


ಕನಕಪುರ
3 ಮಾರ್ಚ್ 2024

ಭಾನು ಮಗಳೇ,

ನಿನ್ನ ಕಾಗದ ಬಂತು. ನನ್ನ ಆರೋಗ್ಯ ಅಡ್ಡಿಯಿಲ್ಲ. ಇಲ್ಲಿ ಬಿಸಿಲು ಈಗಲೇ ಜೋರಾಗಿದೆ. ಚೈತ್ರಾ ಮನೆಯ ಎದುರು ಒಂದು ಹೊಂಗೆಮರವಿದೆ, ಹಗಲು ಅದರ ಕೆಳಗೆ ಕೂತಿರುತ್ತೇನೆ. ನಿನ್ನ ಗಂಡ ಅನಂತರಾಜುವಿಗೆ ಈ ಸಲ ರೇಷ್ಮೆಗೂಡು ಹೇಗೆ ಬಂತು? ರಾಮನಗರದ ಮಾರ್ಕೆಟ್ಟಿನಲ್ಲಿ ಧಾರಣೆ ಬಿದ್ದಿದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದರು. ಹುಷಾರಾಗಿರಲು ಹೇಳು.

ದೊಡ್ಡಲಕ್ಷ್ಮಮ್ಮನ ಗಂಡನ ಸುದ್ದಿ ಕೇಳಿ ಬೇಜಾರಾಯಿತು. ಒಳ್ಳೆ ಮನುಷ್ಯ. ಪಂಚಾಯಿತಿ ಎಲೆಕ್ಷನ್ನಿನಲ್ಲಿ ನನ್ನ ಎದುರು ಪಾರ್ಟಿಗೆ ಓಟು ಹಾಕಿ, ಹಾಕಿದೆ ಎಂದು ನನಗೇ ಬಂದು ಹೇಳಿದ್ದ.

ಠೇವಣಿಯ ಮಾತು ಎತ್ತಬೇಡ. ಅದನ್ನು ಮುಟ್ಟಬಾರದು ಎಂದು ನಾನು ಯಾರಿಗೂ ಕಾನೂನು ಹೇಳಿಲ್ಲ. ನನ್ನ ನಂತರ ಬಂದವರು ಅವರಾಗಿಯೇ ಮುಟ್ಟಲಿಲ್ಲ. ಎಲ್ಲರಿಗೂ ಅದು ಎಂಥ ದುಡ್ಡು ಎಂದು ಗೊತ್ತು. ರಸ್ತೆ ಮಾಡಿದವರು ಡಾಂಬರು ಹಾಕಿ ಹೋದರು. ಅಲ್ಲಿ ಏನಿತ್ತು ಎಂದು ಹೇಳುವ ಒಂದು ಕಲ್ಲೂ ಉಳಿದಿಲ್ಲ. ಬ್ಯಾಂಕಿನವರು ವರ್ಷಕ್ಕೊಮ್ಮೆ ‘ಕಲ್ಲುಕೊಪ್ಪಲು ಸ್ಮಶಾನದ ಬಾಬ್ತು’ ಎಂದು ಒಂದು ಕಾಗದ ಕಳಿಸುತ್ತಾರಲ್ಲ, ಈಗ ಮಸಣ ಎಂದರೆ ಅಷ್ಟೇ ಉಳಿದಿರುವುದು. ಅದೂ ಖರ್ಚಾದರೆ ಲೆಕ್ಕ ಮುಗಿದುಹೋಗುತ್ತದೆ.

ಕಷ್ಟಕಾಲಕ್ಕೆ ಇರಲಿ ಎಂದು ಸಭೆಯಲ್ಲಿ ಹೇಳು. ಯಾವ ಪಂಚಾಯಿತಿಯೂ ಕೈ ಬರಿದು ಮಾಡಿಕೊಳ್ಳಬಾರದು. ಅದು ಸುಳ್ಳಲ್ಲ.

ಊರಿಗೆ ಯಾವಾಗ ಬರುತ್ತೀರಿ ಎಂದು ನೀನು ಕೇಳಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು.

ನಿನ್ನ ಮಾವ
ತಿಮ್ಮಯ್ಯ


ಕಲ್ಲುಕೊಪ್ಪಲು
9 ಸೆಪ್ಟೆಂಬರ್ 2024

ಮಾವ,

ಇಷ್ಟು ದಿನ ನಿಮಗೆ ಉತ್ತರ ಬರೆಯಲಿಲ್ಲ. ನೀವು ಹೇಳಿದಂತೆಯೇ ಸಭೆಯಲ್ಲಿ ‘ಕಷ್ಟಕಾಲಕ್ಕೆ ಇರಲಿ’ ಎಂದು ಹೇಳಿ ಸುಮ್ಮನಾಗಿದ್ದೆ. ಇನ್ನು ಸುಮ್ಮನಿರಲು ಆಗುವುದಿಲ್ಲ.

ಈ ಸಲ ಮಳೆ ಚೆನ್ನಾಗಿ ಹುಯ್ದು ಕೆರೆ ತುಂಬಿದೆ. ಊರಿನವರು ಬಾಗಿನ ಬಿಟ್ಟು ಸಂಭ್ರಮಪಟ್ಟರು. ದೊಡ್ಡಲಕ್ಷ್ಮಮ್ಮನ ಗಂಡನನ್ನು ಇಟ್ಟ ಜಾಗ ಈಗ ನೀರಿನೊಳಗಿದೆ. ದಿನಾ ಬೆಳಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಹೋಗುವಾಗ ಅವಳು ಕೆರೆ ಏರಿಯ ಮೇಲೆ ನಿಲ್ಲುತ್ತಾಳೆ. ನಿಂತು ನೀರಿನ ಕಡೆ ನೋಡಿ, ‘ಚಳಿ ಐತಾ?’ ಎಂದು ಕೇಳುತ್ತಾಳೆ. ನಾನು ಕಿವಿಯಾರೆ ಕೇಳಿದ್ದೇನೆ. ಆ ಕೆರೆಯ ಮೀನನ್ನು ಊರಿನವರು ಈಗ ತಿನ್ನುತ್ತಿಲ್ಲ.

ಅತ್ತ ಉಪಾಧ್ಯಕ್ಷರು ಸರ್ವಿಸ್ ರಸ್ತೆಯ ಪಕ್ಕ ಅಂಗಡಿ ಮಳಿಗೆ ಕಟ್ಟಿಸೋಣ, ಠೇವಣಿ ತೆಗೆಯಿರಿ, ಬಾಡಿಗೆ ಬರುತ್ತದೆ ಎಂದು ಪಟ್ಟು ಹಿಡಿದಿದ್ದಾರೆ. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವರ ಕಡೆ ವಾಲಿದ್ದಾರೆ. ‘ಸುಮ್ಮನೆ ಇಟ್ಟ ಹಣಕ್ಕೆ ಆಡಿಟ್ಟಿನವರು ಪ್ರತಿ ವರ್ಷ ಕಾರಣ ಕೇಳ್ತಾರೆ, ನಾನು ಏನಂತ ಬರೀಲಿ ಮೇಡಂ?’ ಎಂದು ನೂರೀನ್ ಮೇಡಂ ನನ್ನನ್ನು ಕೇಳಿದರು. ಈಗ ಖರ್ಚಾಗುವುದಂತೂ ಖಂಡಿತ. ಯಾವುದಕ್ಕೆ ಎನ್ನುವುದಷ್ಟೇ ನನ್ನ ಕೈಯಲ್ಲಿದೆ.

ಮಾವ, ನಿಮ್ಮ ಕಾಗದದಲ್ಲಿ ಅತ್ತೆಯ ಮಾತಿರಲಿಲ್ಲ. ನನ್ನದರಲ್ಲೂ ಇರಲಿಲ್ಲ. ಇಬ್ಬರೂ ಅದನ್ನೇ ಸುತ್ತುತ್ತಿದ್ದೇವೆ.

ಅವತ್ತು ಏನಾಯಿತು ಎಂದು ನೀವು ನನ್ನನ್ನು ಒಂದು ದಿನವೂ ಕೇಳಲಿಲ್ಲ. ಊರಿನವರೆಲ್ಲ ತಮ್ಮ ತಮ್ಮವರ ಅಸ್ಥಿ ತೆಗೆದು ಹೊಲಗಳಿಗೆ ಒಯ್ಯುತ್ತಿದ್ದಾಗ ನೀವು ‘ಅಧ್ಯಕ್ಷನ ಮನೇದು ಕೊನೆಗೆ ಆಗ್ಲಿ, ಮೊದಲು ಅವರದೆಲ್ಲ ಮುಗೀಲಿ’ ಅಂದಿರಿ. ಕೊನೆಯ ನಾಲ್ಕೈದು ಮನೆಯವರಿಗೆ ಇನ್ನೂ ಸಮಯ ಬೇಕೆಂದು ಕೇಳಲು ರಾಮನಗರಕ್ಕೆ ಹೋಗಿದ್ದಿರಿ. ಆಗ ಜೆಸಿಬಿ ಬಂತು. ನಾನು ಓಡಿಹೋದೆ. ಓಡಿಸುವವನು ಯಾವ ಊರಿನವನೋ, ನನ್ನ ಮಾತು ಅವನಿಗೆ ತಿಳಿಯಲಿಲ್ಲ. ನಾನು ಎದುರಿಗೆ ನಿಂತ ಮೇಲೆ ನಿಲ್ಲಿಸಿದ. ಆದರೆ ಅಷ್ಟರಲ್ಲಿ ಅತ್ತೆಯನ್ನು ಮಣ್ಣು ಮಾಡಿದ್ದ ಗುಡ್ಡೆ ಅಲ್ಲಿರಲಿಲ್ಲ. ಮಣ್ಣನ್ನು ಟಿಪ್ಪರಿಗೆ ತುಂಬಿ ಆಗಲೇ ಕಳಿಸಿಬಿಟ್ಟಿದ್ದರು. ರಸ್ತೆ ಎತ್ತರಿಸಲು ಎಲ್ಲಿ ಮಣ್ಣು ಬೇಕಿತ್ತೋ ಅಲ್ಲಿ ಸುರಿದಿರಬೇಕು. ಎಲ್ಲಿ ಎಂದು ಕೇಳಿದೆ. ಅವನು ಕೈ ಚಾಚಿ ಉದ್ದಕ್ಕೂ ತೋರಿಸಿದ.

ಅತ್ತೆ ರಸ್ತೆಯ ಕೆಳಗೆ ತಮ್ಮ ಜಾಗದಲ್ಲಿದ್ದಾರೆ ಎಂದು ನೀವು ತಿಳಿದಿದ್ದೀರಿ. ಹಾಗಿಲ್ಲ. ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ಮೈಸೂರಿನ ಕಡೆ ಬಸ್ಸಿನಲ್ಲಿ ಹೋಗುವಾಗ ನಮ್ಮ ಊರಿನ ಗಡಿ ಬಂದ ಕೂಡಲೇ ನಾನು ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಳ್ಳುತ್ತೇನೆ. ಎಲ್ಲಿ ಇಳಿಸಬೇಕು ಎಂದು ತಿಳಿಯುವುದಿಲ್ಲ. ಒಂದು ಸಲ ಮದ್ದೂರಿನ ತನಕ ಹಾಗೇ ಕೂತಿದ್ದೆ. ಕಂಡಕ್ಟರ್ ಬೈದ.

ಇದನ್ನು ಬರೆಯಬಾರದಿತ್ತೇನೋ.

ಭಾನು


ಕನಕಪುರ
21 ಅಕ್ಟೋಬರ್ 2024

ಭಾನು,

ಕಾಗದ ಬಂದ ದಿನ ಚೈತ್ರಾ ಏನಂತೆ ಎಂದು ಕೇಳಿದಳು. ಮಳೆ ಚೆನ್ನಾಗಾಗಿದೆಯಂತೆ ಎಂದು ಹೇಳಿದೆ. ಕಾಗದ ಅವಳಿಗೆ ಕೊಡಲಿಲ್ಲ.

ಟಿಪ್ಪರಿನ ವಿಷಯ ನನಗೆ ಗೊತ್ತಿರಲಿಲ್ಲ. ನೀನು ಒಬ್ಬಳೇ ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗಿದೆ. ನಾನು ಕೇಳದಿದ್ದರೆ ನೀನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲವೋ ಏನೋ.

ಬೈಪಾಸ್ ಶುರುವಾದ ಮೇಲೆ ಚೈತ್ರಾಳ ಯಜಮಾನರು ಒಮ್ಮೆ ನನ್ನನ್ನು ಕಾರಿನಲ್ಲಿ ಆ ಕಡೆ ಕರೆದುಕೊಂಡು ಹೋಗಿದ್ದರು. ನಮ್ಮ ಊರಿನ ನೇರಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಅವಳು ಕೆಳಗೆ ಇದ್ದಾಳೆ, ತಲೆಯ ಮೇಲೆ ಹಗಲೂ ರಾತ್ರಿ ಇಷ್ಟು ಸದ್ದು, ಮೊದಲೇ ಅವಳಿಗೆ ಸದ್ದಾದರೆ ನಿದ್ದೆ ಬರುವುದಿಲ್ಲ ಎಂದು ಯೋಚನೆಯಾಗಿತ್ತು. ಅಲ್ಲಿಂದ ಬಂದ ಮೇಲೇ ನನ್ನ ಕಿವಿ ಮಂದವಾದದ್ದು. ಡಾಕ್ಟರು ವಯಸ್ಸು ಎನ್ನುತ್ತಾರೆ.

ಆ ಠೇವಣಿಯನ್ನು ನಾನು ಅವಳ ಜಾಗ ಎಂದುಕೊಂಡು ಕಾದೆ. ಜಾಗದಲ್ಲಿ ಅವಳೇ ಇಲ್ಲವೆಂದ ಮೇಲೆ ಏನನ್ನು ಕಾಯುವುದು?

ಮಳಿಗೆಗೆ ಕೊಡಬೇಡ. ಬಾಡಿಗೆ ಯಾರ ಕೈಸೇರುತ್ತದೆ ಎಂದು ನಿನಗೂ ಗೊತ್ತು. ಜಾಗಕ್ಕೆ ಕೊಡು. ನೀರು ನಿಲ್ಲದ ಕಡೆ ನೋಡಿ ತೆಗೆದುಕೋ. ಬೆಲೆಯ ಮಾತನ್ನು ನೀನು ಆಡಬೇಡ, ಪಿಡಿಒ ಆಡಲಿ, ತಾಲ್ಲೂಕು ಕಚೇರಿಯವರು ಜೊತೆಗಿರಲಿ. ನಮ್ಮ ನೆಂಟರಿಷ್ಟರ ಜಮೀನು ಮಾತ್ರ ಬೇಡ, ಚಿನ್ನದಂಥ ಜಾಗವಾದರೂ ಬೇಡ. ಸಭೆ ಕರೆಯುವ ಮುಂಚೆ ವಾಲಿದವರ ಮನೆಗೆ ನೀನೇ ಹೋಗು. ಅವರ ಹಿರಿಯರನ್ನು ಎಲ್ಲಿ ಇಟ್ಟಿದ್ದಾರೆ ಎಂದು ಕೇಳು. ಬೇರೆ ಏನೂ ಹೇಳಬೇಡ.

ಗೇಟು ಮಾಡಿಸಿದರೆ ಅಗಲವಾಗಿ ಮಾಡಿಸು. ಹೊತ್ತವರು ನಾಲ್ಕು ಜನ ಸಾಲಾಗಿ ನುಗ್ಗುವ ಹಾಗಿರಬೇಕು.

ತಿಮ್ಮಯ್ಯ


ಕಲ್ಲುಕೊಪ್ಪಲು
20 ಏಪ್ರಿಲ್ 2025

ಮಾವ,

ನೀವು ಹೇಳಿದ ಹಾಗೆ ಒಬ್ಬೊಬ್ಬರ ಮನೆಗೂ ಹೋದೆ. ಸಭೆಯಲ್ಲಿ ಉಪಾಧ್ಯಕ್ಷರೊಬ್ಬರೇ ಬೇಡ ಎಂದರು, ಉಳಿದವರು ಕೈ ಎತ್ತಿದರು. ಆದರೆ ಮಸಣಕ್ಕೆ ಎಂದ ಕೂಡಲೇ ಜಮೀನು ಕೊಡುವವರು ಯಾರೂ ಸಿಗಲಿಲ್ಲ. ಕೊನೆಗೆ ಚನ್ನಪಟ್ಟಣದಲ್ಲಿ ಬೊಂಬೆ ವ್ಯಾಪಾರ ಮಾಡುವ ಪೀರ್ ಸಾಬ್ ಒಪ್ಪಿದರು. ನಮ್ಮ ಊರಿನ ತೆಂಕಲ ದಿಕ್ಕಿಗೆ ಅವರದೊಂದು ಕಲ್ಲುಭೂಮಿ ಇದೆಯಲ್ಲ, ಅದು. ‘ನಮ್ಮ ಅಬ್ಬ ನಿಮ್ಮೂರಲ್ಲಿ ಮರ ಕೊಳ್ಳೋಕೆ ಬಂದು ಎದೆ ಒಡ್ಕೊಂಡು ಬಿದ್ದೋದಾಗ ನಿಮ್ಮೂರೋರೇ ಎತ್ತಿನಗಾಡೀಲಿ ಮಲಗಿಸ್ಕೊಂಡು ಬಂದು ಬುಟ್ಟೋದ್ರು. ಗಾಡಿ ಬಾಡಿಗೇನೂ ಈಸ್ಕೊಳ್ಳಲಿಲ್ಲ ಕಣವ್ವ’ ಎಂದರು. ಸರ್ಕಾರಿ ಬೆಲೆಗಿಂತ ಮೇಲೆ ಒಂದು ಕಾಸೂ ಕೇಳಲಿಲ್ಲ.

ಸರ್ವೆ, ತಾಲ್ಲೂಕು ಕಚೇರಿ, ಮೇಲಿನವರ ಒಪ್ಪಿಗೆ ಎಂದು ಅಲೆದು ಅಲೆದು ಶಿವರಾತ್ರಿಯ ಹೊತ್ತಿಗೆ ಜಾಗ ನಮ್ಮದಾಯಿತು. ಸುತ್ತ ಗೋಡೆ ಎದ್ದಿದೆ, ನೀರಿನ ನಲ್ಲಿ, ಕೂರಲು ಒಂದು ಶೆಡ್ಡು, ಅಗಲವಾದ ಕಬ್ಬಿಣದ ಗೇಟು, ಎಲ್ಲ ಆಗಿದೆ. ಠೇವಣಿ ಹೆಚ್ಚುಕಡಿಮೆ ಖಾಲಿಯಾಗಿದೆ.

ಈಗ ಅಲ್ಲಿಗೆ ಹೋಗಲು ಯಾರೂ ಇಲ್ಲ.

ನಗಬೇಡಿ. ಜಾಗ ಸಿದ್ಧವಾದ ಮೇಲೆ ಊರಿನಲ್ಲಿ ಎರಡು ಸಾವಾದವು. ಒಬ್ಬರನ್ನು ಹೆಂಡತಿಯ ಊರಿಗೆ ಒಯ್ದರು. ಇನ್ನೊಬ್ಬರ ಮನೆಯವರು ಹೊಸ ತೋಟದೊಳಗೆ ಎರಡು ಎಳೆಯ ತೆಂಗಿನ ಗಿಡ ಕಿತ್ತು ಗುಂಡಿ ತೋಡಿದರು. ಯಾಕೆ ಎಂದು ವಿಚಾರಿಸಿದೆ. ಹಿರಿಯರಾದ ಬೋರಮ್ಮನವರು ಹೇಳಿದರು: ‘ಹೊಸ ಮಸಣಕ್ಕೆ ಮೊದಲು ಹೋದೋರು ಮುಂದಿನೋರು ಬರೋಗಂಟ ಕಾವಲು ನಿಂತ್ಕಬೇಕು ಕಣವ್ವ. ಮಲಗಂಗಿಲ್ಲ, ಕುಂತ್ಕಳಂಗಿಲ್ಲ. ಯಾರು ತಮ್ಮೋರ್ನ ಅಂಗೆ ನಿಲ್ಲಿಸ್ತಾರೆ?’

ನಿಮಗೂ ಇದು ಗೊತ್ತಿರಬೇಕು. ನೀವು ನನಗೆ ಹೇಳಲಿಲ್ಲ.

ದೊಡ್ಡಲಕ್ಷ್ಮಮ್ಮನನ್ನಾದರೂ ಕೇಳಿದೆ, ಈಗ ಕೆರೆ ಇಳಿದಿದೆ, ಗಂಡನನ್ನು ಹೊಸ ಜಾಗಕ್ಕೆ ತರೋಣವೇ ಎಂದು. ‘ಅವರು ನೀರಿನ ಜೊತೆ ಒಂದಾಗೋದ್ರು. ಈಗ ಎಬ್ಬಿಸಬ್ಯಾಡ’ ಎಂದಳು.

ಸಂಜೆ ಆ ಕಡೆ ಹೋದರೆ ಭಯವಾಗುತ್ತದೆ ಮಾವ. ಹಳೆಯ ಮಸಣದಲ್ಲಿ ಚಿಕ್ಕಂದಿನಿಂದ ಒಂದು ದಿನವೂ ಹೆದರಿದವಳಲ್ಲ ನಾನು. ಅಲ್ಲಿ ನಮ್ಮವರಿದ್ದರು. ಇಲ್ಲಿ ಯಾರೂ ಇಲ್ಲ, ಸುತ್ತ ಗೋಡೆ, ನಡುವೆ ಬರಿಯ ಕೆಂಪು ನೆಲ. ಯಾರನ್ನೋ ಕಾಯುತ್ತಿರುವ ಹಾಗೆ ಕಾಣುತ್ತದೆ. ಗಾಳಿಗೆ ಗೇಟು ಅಲುಗಿದರೆ ಊರಿನ ನಾಯಿಗಳೆಲ್ಲ ಆ ಕಡೆ ತಿರುಗುತ್ತವೆ.

ಇದರ ಮೇಲೆ, ಹೋದ ವಾರ ಕುಡಿಯುವ ನೀರಿನ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಯಿತು. ನೀರೂ ಪಾತಾಳಕ್ಕೆ ಇಳಿದಿದೆ, ಇನ್ನೂ ಆಳಕ್ಕೆ ಕೊರೆಸಬೇಕು. ಸರ್ಕಾರದ ದುಡ್ಡು ಬರುವುದು ಯಾವಾಗಲೋ. ಹೆಂಗಸರು ಬಿಂದಿಗೆ ತಂದು ಆಫೀಸಿನ ಮುಂದೆ ಸಾಲಾಗಿಟ್ಟು ಕೂತರು. ಉಪಾಧ್ಯಕ್ಷರು ಎಲ್ಲರಿಗೂ ಕೇಳುವ ಹಾಗೆ, ‘ಕಷ್ಟಕಾಲಕ್ಕೆ ಅಂತ ದೊಡ್ಡೋರು ಮಡಗಿದ್ದ ಗಂಟು. ಇವಮ್ಮ ಯಾರೂ ಹೋಗದಿರೋ ಗೋಡೆ ಕಟ್ಟಿಸಿ ಕೂತವ್ರೆ’ ಎಂದರು. ಅವರು ಹೇಳಿದ್ದು ನಿಜ.

ಭಾನುಪ್ರಿಯ


ಕನಕಪುರ
11 ಮೇ 2025

ಮಗಳೇ,

ಮೊದಲು ನೀರಿನ ವಿಷಯ. ಸರ್ವಿಸ್ ರಸ್ತೆಯ ಮೇಲಿನ ಡಾಬಾಗಳು, ಆ ದೊಡ್ಡ ಹೋಟೆಲು, ಪೆಟ್ರೋಲ್ ಬಂಕು, ಯಾವುದೂ ಪಂಚಾಯಿತಿಗೆ ಸರಿಯಾಗಿ ಕಂದಾಯ ಕಟ್ಟಿರಲಾರವು. ಬಾಕಿ ವಸೂಲಿಗೆ ಪಿಡಿಒ ನೋಟಿಸು ಕೊಡಲಿ. ಉಪಾಧ್ಯಕ್ಷನನ್ನೇ ವಸೂಲಿಗೆ ಮುಂದೆ ಬಿಡು. ಅವನು ಅಲ್ಲಿ ದಿನಾ ಊಟ ಮಾಡುವವನು, ಅವರ ಮುಲಾಜಿನಲ್ಲಿರುವವನು. ಊರಿನ ಮುಂದೆ ಮಾತಾಡಿದ ಮೇಲೆ ತರದೆ ಇರಲಾರ. ಬೋರು ಕೊರೆಸಲು ಅಷ್ಟು ಸಾಕಾಗುತ್ತದೆ. ಕರಗಿದ ಗಂಟನ್ನು ಮತ್ತೆ ಕಟ್ಟಬಹುದು. ನಾನೂ ಬರಿಗೈಯಲ್ಲೇ ಶುರು ಮಾಡಿದ್ದೆ.

ಕಾವಲಿನ ಮಾತು ನನಗೆ ಗೊತ್ತಿತ್ತು. ನಮ್ಮ ಅಜ್ಜನ ಕಾಲದಲ್ಲಿ ಹಳೆಯ ಮಸಣಕ್ಕೆ ಮೊದಲು ಹೋದವಳು ಒಬ್ಬ ಚೊಚ್ಚಲ ಬಾಣಂತಿಯಂತೆ. ಮುಂದಿನವರು ಬರುವುದಕ್ಕೆ ಬಹಳ ಕಾಲವಾಯಿತಂತೆ. ಅಷ್ಟು ದಿನವೂ ಅವಳ ತಾಯಿ ಸಂಜೆ ಸಂಜೆ ಹೋಗಿ, ‘ಒಸಿ ಕುಂತ್ಕೊ ಮಗ, ನಾನು ನಿಂತಿರ್ತೀನಿ’ ಅನ್ನುತ್ತಿದ್ದಳಂತೆ. ನನ್ನ ಅಜ್ಜಿ ಹೇಳುತ್ತಿದ್ದರು. ನಿನಗೆ ಹೇಳಿದ್ದರೆ ನೀನು ಜಾಗ ಕೊಳ್ಳುತ್ತಿರಲಿಲ್ಲ.

ಈಗ ನನ್ನ ವಿಷಯ. ಹೊಟ್ಟೆಯಲ್ಲಿ ಏನೋ ಬೆಳೆದಿದೆ. ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಚೈತ್ರಾ ಹಟ ಮಾಡುತ್ತಿದ್ದಾಳೆ. ಅವಳ ಸಮಾಧಾನಕ್ಕೆ ಹೂಂ ಅಂದಿದ್ದೇನೆ. ನನ್ನ ದಿನ ಅಷ್ಟು ದೂರ ಹೋಗುವುದಿಲ್ಲ.

ನನ್ನನ್ನು ಕಲ್ಲುಕೊಪ್ಪಲಿಗೆ ತಂದು ಆ ಕೆಂಪು ನೆಲದಲ್ಲಿ ಇಡು. ಗೇಟಿನ ಹತ್ತಿರವೇ ಇರಲಿ. ಅಳಿಯಂದಿರು ಇಲ್ಲೇ ತಮ್ಮ ಜಮೀನಿನಲ್ಲಿ ಮಾಡೋಣ ಎಂದಾರು, ಒಪ್ಪಬೇಡ. ಈ ಕಾಗದವನ್ನು ತೋರಿಸು.

ನಿಲ್ಲುವುದು ನನಗೆ ಕಷ್ಟವಲ್ಲ. ಮಲಗಿದರೂ ನಿದ್ದೆ ಬರದೆ ಎಷ್ಟೋ ವರ್ಷವಾಯಿತು. ನಿಂತರೆ ರಸ್ತೆ ಕಾಣುತ್ತದೆಯೇ ಅಲ್ಲಿಂದ? ಕಂಡರೆ ಒಳ್ಳೆಯದು. ಅವಳು ಎಲ್ಲಿದ್ದರೂ ಆ ಉದ್ದದಲ್ಲೇ ಎಲ್ಲೋ ಇದ್ದಾಳಲ್ಲ.

ತಿಮ್ಮಯ್ಯ


ಕಲ್ಲುಕೊಪ್ಪಲು
23 ನವೆಂಬರ್ 2025

ಚೈತ್ರಾ,

ದಿನಾ ಫೋನಿನಲ್ಲಿ ಮಾತಾಡುವ ಅಕ್ಕ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ಹೇಳಲು ಹೊರಟರೆ ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಮಾವನಿಗೆ ಬರೆದು ಬರೆದು ನನಗೆ ಇದೇ ಅಭ್ಯಾಸವಾಗಿದೆ. ಅವರಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಜೂನ್ ತಿಂಗಳಲ್ಲಿ ಮಾವನನ್ನು ತಂದು ಇಟ್ಟ ದಿನ ನೀನೂ ಇದ್ದೆ. ಹಾಲು ತುಪ್ಪ ಮುಗಿಸಿ, ತಿಥಿ ಮುಗಿಸಿ ನೀವೆಲ್ಲ ಕನಕಪುರಕ್ಕೆ ಹೋದಿರಿ. ಆಮೇಲೆ ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ.

ಊರಿನಲ್ಲಿ ಸಾವುಗಳು ನಿಂತುಬಿಟ್ಟವು.

ಮೊದಲು ಯಾರೂ ಗಮನಿಸಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಒಬ್ಬಿಬ್ಬರು ಮುದುಕರು ಹೋಗುವುದು ವಾಡಿಕೆ. ಈ ಸಲ ವಿಷಮಜ್ವರ ಬಂದು ಬೋರಮ್ಮನವರು ನಾಲಿಗೆ ಹೊರಳದೆ ಮಲಗಿದ್ದರು, ಮಕ್ಕಳು ತುಳಸಿ ನೀರು ಬಿಟ್ಟೂ ಆಗಿತ್ತು. ಬೆಳಿಗ್ಗೆ ಎದ್ದು ಕಾಫಿ ಕೇಳಿದರು. ತೆಂಗಿನ ಮರದಿಂದ ಬಿದ್ದ ಒಬ್ಬಾತ ಎರಡೂ ಕಾಲು ಮುರಿದುಕೊಂಡು ಬದುಕಿದ. ಆಗ ಬೋರಮ್ಮನವರೇ ಶುರು ಮಾಡಿದರು: ‘ಹೋಗಿದ್ದೆ ಕಣವ್ವ ನಾನು, ಗೇಟಿನಗಂಟ. ತಿಮ್ಮಯ್ಯೋರು ಅಡ್ಡ ನಿಂತವ್ರೆ. ಇನ್ನೂ ಏನವ್ವ ಅವಸರ, ಮನೆಗೆ ನಡಿ ಅಂದ್ರು.’

ಅಲ್ಲಿಂದ ಊರಿಗೆ ಊರೇ ಅದನ್ನು ನಂಬಿತು. ಬೆಳಿಗ್ಗೆ ಎದ್ದರೆ ಗೇಟಿಗೆ ಯಾರೋ ಹೂವು ಸಿಕ್ಕಿಸಿರುತ್ತಾರೆ. ಯಾರೂ ಹೋಗದ ಗೋಡೆ ಎಂದಿದ್ದ ಉಪಾಧ್ಯಕ್ಷರು ತಮ್ಮ ಕೈಯಿಂದ ದುಡ್ಡು ಹಾಕಿ ಗೇಟಿಗೆ ಬಣ್ಣ ಹೊಡೆಸಿದರು. ನನ್ನನ್ನು ಕಂಡರೆ ಈಗ ಎಲ್ಲರಿಗೂ ಬಲು ಮರ್ಯಾದೆ. ನಿನ್ನ ಭಾವ ಅನಂತರಾಜು, ‘ನಿಮ್ಮ ಮಾವ ಬ್ಯಾಂಕಿನ ದುಡ್ಡು ಕಾದಂಗೆ ಊರನ್ನೂ ಕಾಯ್ತಾವ್ರೆ ಬುಡು’ ಎಂದು ನಗುತ್ತಿದ್ದರು. ನಾನು ನಗಲಿಲ್ಲ. ರಾತ್ರಿ ಮಲಗಿದರೆ, ಅಷ್ಟು ಕಾಯಿಲೆಯ ಮನುಷ್ಯ ಇನ್ನೂ ನಿಂತೇ ಇದ್ದಾರಲ್ಲ ಎಂದು ನನ್ನ ಕಾಲು ಸೆಳೆಯುತ್ತಿತ್ತು.

ಸಾವು ನಿಂತರೂ ನೋವು ನಿಲ್ಲಲಿಲ್ಲ. ದೊಡ್ಡಲಕ್ಷ್ಮಮ್ಮ ಗೌರಿಹಬ್ಬದಿಂದ ಹಾಸಿಗೆ ಹಿಡಿದಿದ್ದಳು. ಬೆನ್ನೆಲ್ಲ ಹುಣ್ಣು. ಚನ್ನಪಟ್ಟಣದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ್ದರು. ಮಗ ರಾತ್ರಿಯೆಲ್ಲ ಎದ್ದು ಮಗ್ಗುಲು ಬದಲಿಸುತ್ತಿದ್ದ. ನಾನು ಅಂಬಲಿ ಕುಡಿಸಲು ಹೋದಾಗಲೆಲ್ಲ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು.

‘ನಿಮ್ಮ ಮಾವನ್ಗೆ ಒಂದು ಮಾತು ಯೋಳವ್ವ. ನನ್ನ ಒಳಕ್ಕೆ ಬುಡು ಅನ್ನು.’

‘ಸುಮ್ನಿರಜ್ಜಿ, ವಾಸಿಯಾಗ್ತದೆ’ ಎನ್ನುತ್ತಿದ್ದೆ.

‘ನಿನ್ನ ಮಾತು ಅವರು ಕೇಳ್ತಾರೆ. ನೀನು ಕೇಳ್ದೇ ಅವರು ಬುಡಾಕಿಲ್ಲ.’

ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ಮಾತೇ ಆಡಲಿಲ್ಲ. ಸುಮ್ಮನೆ ನನ್ನನ್ನೇ ನೋಡಿದಳು. ಅಂಬಲಿ ಬಾಯಿಯ ಪಕ್ಕದಿಂದ ಹರಿಯಿತು. ಒರೆಸಿ, ಲೋಟ ಅಲ್ಲೇ ಇಟ್ಟು, ಹೊರಗೆ ಬಂದು ನೇರವಾಗಿ ಮಸಣಕ್ಕೆ ನಡೆದೆ. ಮಧ್ಯಾಹ್ನದ ಬಿಸಿಲು. ಸುತ್ತ ಯಾರೂ ಇರಲಿಲ್ಲ. ಗೇಟಿನ ಹೊರಗೇ ನಿಂತು, ಆಫೀಸಿನಲ್ಲಿ ಒಂದು ಅರ್ಜಿ ಓದಿ ಹೇಳುವ ಹಾಗೆ ಹೇಳಿದೆ: ‘ಮಾವ, ದೊಡ್ಡಲಕ್ಷ್ಮಮ್ಮನ್ನ ಒಳಕ್ಕೆ ಬುಡಿ. ನೀವೂ ಇನ್ನು ಕುಂತ್ಕಳಿ.’

ಮನೆಗೆ ಬಂದು ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿದೆ. ಮಾರನೆಯ ಬೆಳಿಗ್ಗೆ ಬಾಗಿಲು ಸಾರಿಸುತ್ತಿದ್ದಾಗ ಅವಳ ಮಗ ಬಂದು ನಿಂತ. ಅವನು ಬಾಯಿ ಬಿಡುವ ಮುಂಚೆಯೇ ನಾನು ಬಕೆಟ್ಟು ಕೆಳಗಿಟ್ಟು ಅವನ ಜೊತೆ ಹೊರಟೆ.

ಅವಳನ್ನು ಮಾವನ ಪಕ್ಕದಲ್ಲೇ ಇಟ್ಟರು. ಈ ಸಲ ಯಾರ ಬಾಗಿಲಿಗೂ ಹೋಗಿ ಜಾಗ ಕೇಳಬೇಕಾಗಲಿಲ್ಲ. ಹೊತ್ತವರು ನಾಲ್ಕು ಜನ ಸಾಲಾಗಿ ಗೇಟಿನೊಳಗೆ ನಡೆದರು. ಹೊರಡುವಾಗ ಅವಳ ಮಗ ನನಗೆ ಕೈಮುಗಿದ. ಆ ಕೈಗಳನ್ನು ನೋಡಲು ನನ್ನಿಂದಾಗಲಿಲ್ಲ.

ನಾನು ಹೋಗದಿದ್ದರೂ ಅವಳು ಆ ರಾತ್ರಿ ಹೋಗುತ್ತಿದ್ದಳು ಎಂದು ನೀನು ಹೇಳುತ್ತೀಯ. ನೂರೀನ್ ಮೇಡಂಗೆ ಹೇಳಿದ್ದರೆ ಅವರೂ ಹಾಗೇ ಹೇಳುತ್ತಿದ್ದರು. ನಾನೂ ನನಗೆ ಹಾಗೇ ಹೇಳಿಕೊಂಡೆ. ಮಾವ ಕಡೆಗೂ ಕೂತರು, ಮಲಗಿದರು, ಅಷ್ಟು ಸಾಕು ಎಂದು ಒಂದೆರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಆದರೆ ಮಾವ ಬಿಟ್ಟ ಜಾಗದಲ್ಲಿ, ಮುಂದಿನವರು ಬರುವ ತನಕ, ಈಗ ಕಾವಲಿಗಿರುವವಳು ದೊಡ್ಡಲಕ್ಷ್ಮಮ್ಮ. ನಿನಗೆ ಅವಳ ಸ್ವಭಾವ ಗೊತ್ತಲ್ಲ. ಒಂದು ಕಟ್ಟು ಸೊಪ್ಪು ಕೇಳಿದರೆ ಎರಡು ಕೊಟ್ಟು, ದುಡ್ಡು ನಾಳೆ ಕೊಡು ಎನ್ನುವವಳು. ಬಾಗಿಲಿಗೆ ಬಂದ ಯಾರನ್ನೂ ಅವಳು ಆಯುಷ್ಯದಲ್ಲಿ ಹಿಂದಕ್ಕೆ ಕಳಿಸಿದವಳಲ್ಲ.

ನಿನ್ನ ಭಾವನಿಗೆ ಮೂರು ದಿನದಿಂದ ಜ್ವರ. ಬರೀ ಜ್ವರ, ಚಳಿಗಾಲಕ್ಕೆ ಎಲ್ಲರಿಗೂ ಬರುತ್ತಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ನೀನು ಗಾಬರಿಯಾಗಿ ಹೊರಟು ಬರಬೇಡ.

ನಿನ್ನೆ ಸಂಜೆ ಹೋಗಿ ಮಸಣದ ಗೇಟಿಗೆ ಬೀಗ ಹಾಕಿ ಬಂದೆ. ಕೀಲಿ ನನ್ನ ಸೊಂಟದಲ್ಲಿದೆ. ದನ ನುಗ್ಗುತ್ತವೆ ಎಂದು ಊರಿನವರಿಗೆ ಹೇಳಿದ್ದೇನೆ.

ನಿನ್ನ ಭಾನಕ್ಕ